ನಮ್ಮ ಘಟಕದಲ್ಲಿ ದುಡಿಯುವವರಿಗೆ ಯಾವ ಆರೋಗ್ಯ ವಿಮೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. 'ಸಾಲದ ಉದ್ದೇಶ' ಎನ್ನುವ ಕಡೆ ಏನೇನು ಬರೆದಿದೆ? ದನ ಕೊಳ್ಳಲು, ಮನೆ ರಿಪೇರಿಗೆ, ಮಕ್ಕಳ ಫೀಸಿಗೆ, ಮತ್ತೆ ಮತ್ತೆ 'ಆಸ್ಪತ್ರೆ ಖರ್ಚಿಗೆ'. ನಮ್ಮ ಪುಸ್ತಕದಲ್ಲೂ ಹಾಗೇ ಇದೆ. ಅದರಲ್ಲಿ ಒಂದು ಸಾಲದ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

ನಾವು ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ಮಾಡುವ ಘಟಕ ನಡೆಸುತ್ತಿದ್ದೇವೆ. ಶುರುವಿನಲ್ಲಿ ಸದಸ್ಯೆಯರೇ ಕೂತು ಲಟ್ಟಿಸುತ್ತಿದ್ದೆವು. ಆರ್ಡರ್ ಹೆಚ್ಚಾದ ಮೇಲೆ ಸಂಬಳಕ್ಕೆ ಜನ ಇಟ್ಟುಕೊಂಡೆವು. ಅವರಲ್ಲಿ ಒಬ್ಬ ತಂಗಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಕಿವಿಯ ಓಲೆ ಅಡವಿಟ್ಟಳು, ಸಾಲಲಿಲ್ಲ. ಅವಳ ಅತ್ತೆ ನಮ್ಮ ಸದಸ್ಯೆ. ಅವರ ಹೆಸರಿನಲ್ಲಿ ಸಂಘದಿಂದ ಸಾಲ ಕೊಟ್ಟೆವು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಿರ್ಣಯ ಪುಸ್ತಕದಲ್ಲಿ 'ಸಹಾಯ ಮಾಡಲಾಯಿತು' ಎಂದು ಬರೆದೆವು. ಒಂದೂವರೆ ತಿಂಗಳು ಅವಳು ಮನೆಯಲ್ಲೇ ಇದ್ದಳು. ಆ ದಿನಗಳ ಸಂಬಳ ನಾವು ಕೊಡಲಿಲ್ಲ. ಬಡ್ಡಿ ಮಾತ್ರ ತಪ್ಪದೆ ತೆಗೆದುಕೊಂಡೆವು.

ಆಗ ನಮ್ಮಲ್ಲಿ ಸಂಬಳಕ್ಕೆ ಹನ್ನೊಂದು ಜನ ಇದ್ದರು. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಎಸ್‌ಐ, ಅಂದ್ರೆ ಕಾರ್ಮಿಕರ ರಾಜ್ಯ ವಿಮೆ, ಮಾಡಿಸಲೇಬೇಕು ಎಂದು ನಮಗೆ ತಿಳಿದದ್ದು ಆಮೇಲೆ. ನಾವು ನೋಂದಣಿ ಮಾಡಿಸಿದ್ದರೆ ಆ ಸಾಲವೇ ಬೇಕಿರಲಿಲ್ಲ. ನಮ್ಮನ್ನು ನಾವು ಸಂಘದವರು, ಬಡವರು ಅಂತಲೇ ತಿಳಿದಿದ್ದೆವು. ಸಂಬಳ ಕೊಡುವ ದಿನದಿಂದ ನಾವೂ ಮಾಲೀಕರು ಎಂದು ಯಾರಿಗೂ ಹೊಳೆಯಲಿಲ್ಲ.

ಆದ್ದರಿಂದ ಏಜೆಂಟರನ್ನು ಕರೆಯುವ ಮೊದಲು ತಲೆ ಎಣಿಸಿ. ದಿನಗೂಲಿಯವರು, ಪ್ಯಾಕಿಂಗಿಗೆ ಬರುವ ಹುಡುಗಿ, ಗಾಡಿ ಓಡಿಸುವವನು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಲಾಭ ಹಂಚಿಕೊಂಡು ದುಡಿಯುವ ಸದಸ್ಯೆಯರ ಮಾತು ಬೇರೆ. ಅವರ ವಿಷಯವನ್ನು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಇಎಸ್‌ಐ ಕಾನೂನು 1948ರದ್ದು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹತ್ತು ಜನರ ಲೆಕ್ಕ ಹಾಗೇ ಉಳಿದಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ವಂತಿಗೆ ನೂರಕ್ಕೆ 4 ರೂಪಾಯಿ. ಅದರಲ್ಲಿ 3 ರೂಪಾಯಿ 25 ಪೈಸೆ ಮಾಲೀಕರದ್ದು, 75 ಪೈಸೆ ಕೆಲಸಗಾರರದ್ದು. 12,000 ರೂಪಾಯಿ ಸಂಬಳದವಳಿಗೆ ನಾವು 390 ಕಟ್ಟಬೇಕು, ಅವಳದ್ದು 90 ಹಿಡಿಯಬೇಕು. ಮುಂದಿನ ತಿಂಗಳ 15ರೊಳಗೆ ತುಂಬಬೇಕು.

ಇಷ್ಟಕ್ಕೆ ಅವಳಿಗೂ ಅವಳನ್ನು ಅವಲಂಬಿಸಿದ ಮನೆಯವರಿಗೂ ಚಿಕಿತ್ಸೆ. ಜೊತೆಗೆ ಯಾವ ಖಾಸಗಿ ಪಾಲಿಸಿಯಲ್ಲೂ ಸುಲಭಕ್ಕೆ ಸಿಗದ ಒಂದು ಸೌಲಭ್ಯ ಇದೆ: ಕಾಯಿಲೆಯಿಂದ ಕೆಲಸಕ್ಕೆ ಬಾರದ ದಿನಗಳಿಗೆ ಸಂಬಳದ ನೂರಕ್ಕೆ 70 ಭಾಗ, ವರ್ಷಕ್ಕೆ 91 ದಿನಗಳವರೆಗೆ. ಅದಕ್ಕೆ ಮೊದಲು 78 ದಿನದ ವಂತಿಗೆ ತುಂಬಿರಬೇಕು. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಒಂದೂವರೆ ತಿಂಗಳು ಮನೆಯಲ್ಲಿ ಕೂತ ನಮ್ಮ ತಂಗಿಯನ್ನು ನೆನೆಸಿಕೊಳ್ಳಿ. ನಮಗಂತೂ ಆ ಲೆಕ್ಕ ಹಾಕಿದ ದಿನ ಊಟ ಸೇರಲಿಲ್ಲ.

ಗುಣ ಹೇಳಿದ ಮೇಲೆ ದೋಷಾನೂ ಹೇಳಬೇಕಲ್ಲ. ಇಎಸ್‌ಐ ಚಿಕಿತ್ಸಾಲಯ ಎಲ್ಲ ಊರಲ್ಲಿ ಇಲ್ಲ. ನಮ್ಮವರು ಎರಡು ಬಸ್ ಹತ್ತಿ ಹೋಗಬೇಕು, ಅರ್ಧ ದಿನ ಹೋಗುತ್ತದೆ. ಸಣ್ಣ ಜ್ವರಕ್ಕೆ ಯಾರೂ ಹೋಗುವುದಿಲ್ಲ, ಊರ ಡಾಕ್ಟರ ಹತ್ತಿರವೇ ಹೋಗುತ್ತಾರೆ. ದೊಡ್ಡ ಕಾಯಿಲೆಗೆ ಮಾತ್ರ ಅದು ಕೈ ಹಿಡಿಯುತ್ತದೆ.

ಲೆಕ್ಕ ಬರೆಯುವವರೊಬ್ಬರು ನಮಗೆ ಹೇಳಿದ್ದರು, "ಪುಸ್ತಕದಲ್ಲಿ ಒಂಬತ್ತೇ ತೋರಿಸಿ ಅಕ್ಕಾ, ಇನ್ನಿಬ್ಬರಿಗೆ ಕೈಗೆ ಕೊಟ್ಟುಬಿಡಿ" ಎಂದು. ಒಂದು ಕ್ಷಣ ನಮಗೂ ಸರಿ ಅನ್ನಿಸಿತು, ಸುಳ್ಳು ಯಾಕೆ ಹೇಳೋಣ. ಆದರೆ ಆ ಇಬ್ಬರು ಯಾರು? ಹೆಸರು ಬಿಡುವುದು ಯಾರದ್ದು? ಆ ಮಾತು ಬಂದಾಗ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟವಳ ಕೈ ನಾಳೆ ಮಿಕ್ಸಿಂಗ್ ಯಂತ್ರಕ್ಕೆ ಸಿಕ್ಕಿದರೆ ಅದರ ಖರ್ಚು ಮಾಲೀಕರ ತಲೆಗೇ ಬರುತ್ತದೆ, ಅಂದ್ರೆ ನಮ್ಮೆಲ್ಲರ ತಲೆಗೆ.

ಹತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳೇ ಇಲ್ಲಿ ಹೆಚ್ಚು ಎಂದು ಗೊತ್ತು. ಹೊಸ ಸಂಹಿತೆಯಲ್ಲಿ ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ನೀವೂ ಇಎಸ್‌ಐಗೆ ಸೇರಬಹುದು. ಅದು ಬೇಡ ಎಂದರೆ, ಈಗಾಗಲೇ ಯಾರ ಕೈಯಲ್ಲಿ ಏನಿದೆ ಎಂದು ಕೇಳಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ಬರೆಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕೈಯಿಂದ ದುಡ್ಡು ಕಟ್ಟಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿಯನ್ನೂ ವಿಚಾರಿಸಿ. 2018ರಲ್ಲಿ ನಿಂತದ್ದು 2022–23ರಲ್ಲಿ ಮತ್ತೆ ಶುರುವಾಗಿದೆ. ನೋಂದಣಿಗೆ ಪ್ರತಿ ವರ್ಷ ಕೊನೆಯ ದಿನ ಇರುತ್ತದೆ, ಅದು ದಾಟಿದರೆ ಆ ವರ್ಷ ಹೋಯಿತು.

ಇವುಗಳ ಮೇಲೂ ಬೇಕೆಂದರೆ ವಿಮಾ ಕಂಪನಿಯ ಪಾಲಿಸಿ. ಇಲ್ಲಿ ಕಡಿಮೆ ಪ್ರೀಮಿಯಮ್ ನೋಡಿ ಸಹಿ ಹಾಕಬೇಡಿ. 2020ರ ಏಪ್ರಿಲ್‌ನಲ್ಲಿ ಶುರುವಾದ ಆರೋಗ್ಯ ಸಂಜೀವಿನಿ ಪಾಲಿಸಿಯನ್ನೇ ನೋಡೋಣ. ಷರತ್ತು ಎಲ್ಲ ಕಂಪನಿಯಲ್ಲೂ ಒಂದೇ ಇರಲಿ ಎಂದು ಮಾಡಿದ್ದು, ಒಳ್ಳೆಯದೇ. ಆದರೂ ಅದರಲ್ಲಿ ಗರ್ಭಕೋಶದ ಆಪರೇಷನ್, ಹರ್ನಿಯಾ, ಕಣ್ಣಿನ ಪೊರೆ ಇವಕ್ಕೆಲ್ಲ ಮೊದಲ ಎರಡು ವರ್ಷ ಹಣ ಬರುವುದಿಲ್ಲ. ಹೆರಿಗೆಗೆ ಇಲ್ಲವೇ ಇಲ್ಲ. ನಮ್ಮ ತಂಗಿಗೆ ಆಪರೇಷನ್ನಿಗೆ ಹಿಂದಿನ ತಿಂಗಳು ಈ ಪಾಲಿಸಿ ಮಾಡಿಸಿದ್ದರೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ.

ರೂಮಿನ ಬಾಡಿಗೆಯ ಮಿತಿ ಇನ್ನೊಂದು. ಇದನ್ನು ನಿಧಾನವಾಗಿ ಕೇಳಿ, ಮೋಸ ಹೋಗುವುದು ಇಲ್ಲೇ. ವಿಮೆ 1 ಲಕ್ಷದ್ದು, ರೂಮಿಗೆ ದಿನಕ್ಕೆ ನೂರಕ್ಕೆ ಎರಡು ಎಂದರೆ 2,000 ರೂಪಾಯಿ. ವಾರ್ಡ್ ಖಾಲಿ ಇಲ್ಲ ಎಂದು 4,000ದ ರೂಮು ತೆಗೆದುಕೊಂಡಿರಿ ಅನ್ನಿ. ರೂಮಿನ ಹೆಚ್ಚುವರಿ 2,000 ಮಾತ್ರ ನಮ್ಮ ಕೈಯಿಂದ ಹೋಗುತ್ತದೆ ಅಂತ ನಾವು ಎಣಿಸುತ್ತೇವೆ. ಹಾಗಲ್ಲ. ರೂಮು ಎರಡರಷ್ಟು ಆಯಿತಲ್ಲ, ಡಾಕ್ಟರ ಫೀಸು, ಆಪರೇಷನ್ ಕೋಣೆಯ ಶುಲ್ಕ ಇವನ್ನೂ ಕಂಪನಿ ಅರ್ಧಕ್ಕೆ ಇಳಿಸಬಹುದು. ಅವು 40,000 ಆಗಿದ್ದರೆ 20,000ವೇ ಲೆಕ್ಕಕ್ಕೆ. ಔಷಧಿಗೆ ಈ ಕಡಿತ ಮಾಡುವ ಹಾಗಿಲ್ಲ. ಸೇರುವಾಗಲೇ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ "ನಮ್ಮ ಪಾಲಿಸಿಗೆ ಎಷ್ಟರ ರೂಮು?" ಎಂದು ಕೇಳಿ.

ಕೆಲಸಗಾರರೆಲ್ಲರಿಗೂ ಸೇರಿ ಗುಂಪು ಪಾಲಿಸಿ ತೆಗೆದುಕೊಂಡರೆ ಹಳೆಯ ಕಾಯಿಲೆಗೂ ಹೆರಿಗೆಗೂ ಮೊದಲ ದಿನದಿಂದಲೇ ರಕ್ಷಣೆ ಕೇಳಿ ಪಡೆಯಬಹುದು. ಪ್ರೀಮಿಯಮ್ ಹೆಚ್ಚಾಗುತ್ತದೆ. ಒಬ್ಬೊಬ್ಬರ ಮನೆ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಗುಂಪಿನದಕ್ಕೆ ಅದು ಬಿಟ್ಟಿಲ್ಲ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಕೆಲಸ ಬಿಟ್ಟ ದಿನ ಅವಳ ರಕ್ಷಣೆಯೂ ಮುಗಿಯುತ್ತದೆ, ಅದನ್ನು ಅವಳಿಗೆ ಮೊದಲೇ ಹೇಳಿರಬೇಕು. ನಗದು ಕಟ್ಟದೆ ಸೇರಬಹುದಾದ ಆಸ್ಪತ್ರೆಗಳ ಪಟ್ಟಿ ತರಿಸಿ ನಮ್ಮ ತಾಲೂಕಿನದು ಇದೆಯೇ ನೋಡಿ. ಬೆಂಗಳೂರಿನ ನೂರು ಆಸ್ಪತ್ರೆಗಳ ಹೆಸರು ಕಟ್ಟಿಕೊಂಡು ನಮಗೇನಾಗಬೇಕು?

ಇದನ್ನೆಲ್ಲ ಮಾಲೀಕರಾದ ನಾವೇ ಕೂತು ತೀರ್ಮಾನಿಸಬೇಡಿ. ನಾವು ಕೆಲಸಗಾರರನ್ನು ಕರೆದು ಕೂರಿಸಿದಾಗ ಹರೆಯದವರು ಹೆರಿಗೆ ಕೇಳಿದರು, ವಯಸ್ಸಾದವರು ಸಕ್ಕರೆ ಕಾಯಿಲೆ ಎಂದರು, ಒಬ್ಬಳು "ಅಕ್ಕಾ, ನಮ್ಮ ಅತ್ತೆಗೆ ಸಿಗುತ್ತಾ?" ಎಂದಳು. ನಮ್ಮ ತಲೆಯಲ್ಲಿ ಅತ್ತೆಯಂದಿರು ಇರಲೇ ಇಲ್ಲ.

ಈಗ ನಮ್ಮ ಹನ್ನೊಂದು ಜನರ ಹೆಸರೂ ಇಎಸ್‌ಐಯಲ್ಲಿ ಇದೆ. ಆ ತಂಗಿಯ ಮನೆಯಿಂದ ತೆಗೆದುಕೊಂಡ ಬಡ್ಡಿಯನ್ನು ಘಟಕದ ಲಾಭದಿಂದ ವಾಪಸು ಕೊಟ್ಟಿದ್ದೇವೆ. ಓಲೆ ಇನ್ನೂ ಬಿಡಿಸಿಲ್ಲ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಘಟಕದವರೂ ಒಂದು ಹಾಳೆಯಲ್ಲಿ ಕೆಲಸಗಾರರ ಹೆಸರು, ವಯಸ್ಸು, ಸಂಬಳ, ಮನೆಯಲ್ಲಿ ಎಷ್ಟು ಜನ, ಯಾವ ಕಾರ್ಡಿದೆ ಎಂದು ಬರೆದು ತನ್ನಿ. ಕೈಗೆ ಸಂಬಳ ಪಡೆಯುವವರನ್ನೂ ಬರೆಯಿರಿ.