ಕೋರ್ಟು ಕೊಡದ ನ್ಯಾಯಕ್ಕೆ ಶಾಲೆ ಕಟ್ಟಿದ ವಕೀಲರು

(ಮಡಕಶಿರಾದ ಸಭೆಯಲ್ಲಿ ಆಡಿದ ಮಾತು. ಬರೋಕೆ ಆಗದಿದ್ದ ರಾಯದುರ್ಗದ ಗೆಳೆಯರು ಕೇಳಿದ್ದಕ್ಕೆ ಬರೆದು ಹಾಕುತ್ತಿದ್ದೇವೆ.)



ನಾವು ಬ್ಯಾಂಕಿನಲ್ಲಿ ಗುಮಾಸ್ತರು. ಓದಿದ್ದು ಬಿ.ಕಾಂ. ಕಾನೂನು ನಮ್ಮ ವಿಷಯ ಅಲ್ಲ, ಆದರೂ ಇವತ್ತು ಒಬ್ಬ ವಕೀಲರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇವೆ. ಮನುಷ್ಯರನ್ನು ಬೇರೆ ಬೇರೆ ಕೂರಿಸೋದನ್ನು ವಿರೋಧಿಸಿದ ವಕೀಲರು ಯಾರು ಅಂತ ಕೇಳಿದರೆ ನಮ್ಮ ಮಕ್ಕಳು ತಕ್ಷಣ ಮಂಡೇಲಾ ಅಂತಾರೆ, ಗಾಂಧಿ ಅಂತಾರೆ, ಅಂಬೇಡ್ಕರ್ ಅಂತಾರೆ. ಸರಿಯಾದ ಉತ್ತರವೇ. ಆದರೆ ನಮ್ಮ ಹಾಗೇ ಇವತ್ತು ರಾಜ್ಯದ ಗಡಿಯಾಚೆ ಉಳಿದಿರೋ ಒಂದು ಕನ್ನಡ ಊರಿನವರು ಇನ್ನೊಬ್ಬರಿದ್ದಾರೆ. ಅವರು ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು.

ಹುಟ್ಟಿದ್ದು 1859ರ ಜೂನ್ 29. ಆಗ ಕಾಸರಗೋಡು, ಮಂಗಳೂರು ಎರಡೂ ಮದರಾಸು ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯಲ್ಲಿದ್ದವು. ನಮ್ಮ ಮಡಕಶಿರಾ, ರಾಯದುರ್ಗ ಕೂಡ ಅದೇ ಮದರಾಸು ಪ್ರಾಂತ್ಯ. ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಬಂದಿದ್ದು 1953ರಲ್ಲಿ, ಕಾಸರಗೋಡು ಕೇರಳಕ್ಕೆ ಹೋಗಿದ್ದು 1956ರಲ್ಲಿ. ಅಂದರೆ ರಂಗರಾಯರ ಕಾಲದಲ್ಲಿ ಅವರಿಗೂ ನಮ್ಮ ಮುತ್ತಜ್ಜಂದಿರಿಗೂ ಸರ್ಕಾರ ಒಂದೇ, ಹೈಕೋರ್ಟೂ ಒಂದೇ.

ಅವರದು ಸಾರಸ್ವತ ಬ್ರಾಹ್ಮಣರ ಮನೆ. ಹದಿನಾರನೇ ವಯಸ್ಸಿಗೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು ಮೇಷ್ಟರಾದರು, ತಿಂಗಳಿಗೆ ಸಂಬಳ ಎಂಟು ರೂಪಾಯಿ. ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ವಕೀಲರು ಅಂತ ಹೆಸರು ಬಂತು. ಉಳ್ಳಾಲ ರಘುನಾಥಯ್ಯನವರ ಪ್ರಭಾವದಿಂದ ಬ್ರಹ್ಮಸಮಾಜ ಸೇರಿದರು. ಎಂಟು ರೂಪಾಯಿಯಿಂದ ಮೇಲೆ ಬಂದವರು ಮನೆ, ತೋಟ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಅವರು ಹಾಗೆ ಇರಲಿಲ್ಲ.

ಆಗ ದಲಿತರನ್ನು ಪಂಚಮರು ಅಂತ ಕರೀತಿದ್ದರು. ಅವರಿಗೆ ಊರ ಬಾವಿ ಇಲ್ಲ, ಊರ ಶಾಲೆ ಇಲ್ಲ. ಕೋರ್ಟಿಗೆ ಹೋದರೆ ನ್ಯಾಯ ಸಿಗುತ್ತಿತ್ತಾ? ಒಂದು ಕೇಸು ಹೇಳ್ತೀವಿ ಕೇಳಿ. ಇದೇ ಮದರಾಸು ಪ್ರಾಂತ್ಯದ ಕಮುದಿಯಲ್ಲಿ 1897ರಲ್ಲಿ ನಾಡಾರ್ ಜಾತಿಯವರು ದೇವಸ್ಥಾನದೊಳಗೆ ಹೋದರು. ಅದು ಕೇಸಾಯಿತು. ಆ ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1908ರಲ್ಲಿ ತೀರ್ಪು ಬಂತು, ಹಳೇ ರೂಢಿಯ ಪ್ರಕಾರ ಅವರಿಗೆ ಒಳಗೆ ಹೋಗುವ ಹಕ್ಕಿಲ್ಲ ಅಂತ. ಅಂದರೆ ರೂಢಿಯನ್ನು ಕಾಯೋ ಕೆಲಸವನ್ನು ಕಾನೂನೇ ಮಾಡುತ್ತಿತ್ತು.

ಅಮೆರಿಕದ್ದೂ ಇದೇ ಕಥೆ. 1892ರಲ್ಲಿ ಹೋಮರ್ ಪ್ಲೆಸಿ ಅನ್ನುವವರು ಬಿಳಿಯರ ರೈಲುಡಬ್ಬಿಯಲ್ಲಿ ಕೂತರು ಅಂತ ಅರೆಸ್ಟ್ ಮಾಡಿದರು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬೇರೆ ಬೇರೆ ಕೂರಿಸಿದರೆ ಸಮಾನತೆಗೆ ಭಂಗ ಬರಲ್ಲ ಅಂತ ಹೇಳಿಬಿಟ್ಟಿತು. ಶಾಲೆಗಳಲ್ಲಿ ಆ ಮಾತು ನಡೆಯಲ್ಲ ಅಂತ ಅದೇ ಕೋರ್ಟು ಹೇಳೋಕೆ 1954 ಬರಬೇಕಾಯಿತು.

ಪ್ಲೆಸಿ ರೈಲು ಹತ್ತಿದ ಅದೇ 1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಜಾಗ ಬಾಡಿಗೆಯದು. ಸುತ್ತಮುತ್ತಲ ಜನ ವಿರೋಧ ಮಾಡಿದರು. ಪಾಠ ಹೇಳೋಕೆ ಮೇಲ್ಜಾತಿ ಮೇಷ್ಟರು ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು. ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಆದರೂ ಶಾಲೆ ಮುಚ್ಚಲಿಲ್ಲ. ಒಂದು ಹೋಗಿ ಹಲವಾದವು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು, ಅಂಬೇಡ್ಕರ್ ಆರು ವರ್ಷದ ಹುಡುಗ. ಅಷ್ಟು ಮೊದಲಿನ ಮಾತಿದು.

ನಮಗೆ ಅಂದರೆ ಲೆಕ್ಕ ಬರೆಯೋ ಜನಕ್ಕೆ ಅವರ ಕೆಲಸದಲ್ಲಿ ಬಹಳ ಹಿಡಿಸಿದ್ದು ಏನು ಗೊತ್ತಾ? ಬರೀ ಶಾಲೆ ತೆರೆದು ಕೈ ತೊಳೆದುಕೊಳ್ಳಲಿಲ್ಲ. ಮಗು ಯಾಕೆ ಶಾಲೆಗೆ ಬರಲ್ಲ ಅಂತ ಕಾರಣ ಹುಡುಕಿದರು. ಹಸಿವಾ? ಮಧ್ಯಾಹ್ನ ಊಟ ಹಾಕಿದರು. ಮಗು ಕೂಲಿಗೆ ಹೋಗದಿದ್ದರೆ ಮನೆಗೆ ನಷ್ಟನಾ? ಮಗುವನ್ನು ಕಳಿಸಿದ ಅಪ್ಪ ಅಮ್ಮನಿಗೆ ಒಂದಿಷ್ಟು ಪುಡಿಗಾಸು ಕೊಟ್ಟರು. ಓದಿದ ಮೇಲೆ ಹೊಟ್ಟೆಗೇನು? ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಇರೋಕೆ ಜಾಗ ಇಲ್ಲವಾ? ಸರ್ಕಾರದಿಂದ ಜಮೀನು ಕೇಳಿ ತಂದು ಮನೆಗಳಿಗೆ ದಾರಿ ಮಾಡಿದರು. ಸಾಲಕ್ಕೆ ಸಾಹುಕಾರನ ಕಾಲು ಹಿಡೀಬೇಕಾ? ಸಹಕಾರ ಸಂಘ ಕಟ್ಟಿಸಿದರು. ಊರಿನ ತೀರ್ಮಾನದಲ್ಲಿ ಇವರ ದನಿ ಇಲ್ಲವಾ? ಮುನಿಸಿಪಾಲಿಟಿಗೆ ದಲಿತರನ್ನೇ ಸದಸ್ಯರಾಗಿ ಕಳಿಸೋಕೆ ಓಡಾಡಿದರು. ಬೇರ್ಪಡಿಸೋ ಗೋಡೆಯಲ್ಲಿ ಯಾವ ಯಾವ ಕಲ್ಲು ಇದೆ ಅಂತ ನೋಡಿ, ಒಂದೊಂದೇ ಕಿತ್ತರು.

ಮನೆಯೊಳಗೆ ಒಂದು ನ್ಯಾಯ, ಹೊರಗೆ ಒಂದು ನ್ಯಾಯ ಅನ್ನೋದೂ ಅವರಲ್ಲಿರಲಿಲ್ಲ. ಮಗಳು ರಾಧಾಬಾಯಿಯವರನ್ನು ಜಾತಿ ಮೀರಿ ತಮಿಳುನಾಡಿನ ಕುಮಾರಮಂಗಲಂ ಜಮೀನುದಾರ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಆ ಅಳಿಯ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಅವರ ಒಂದು ಆಸೆ ದಕ್ಷಿಣ ಕನ್ನಡದಲ್ಲಿ ಮನೆಮಾತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ, ಕಾರಿನಲ್ಲಿ ಊರ ಬೀದಿಯಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆ ಮೇಲೆ ಬೀಳಬೇಕು, ಆಗ ಜನ್ಮ ಸಾರ್ಥಕ ಅನ್ನೋ ಅರ್ಥದ ಮಾತು. ಕೊನೆಗಾಲದಲ್ಲಿ ಸನ್ಯಾಸ ತಗೊಂಡು ಈಶ್ವರಾನಂದರಾದರು. ತೀರಿಕೊಂಡಿದ್ದು 1928ರ ಜನವರಿ 30. ತಮ್ಮ ಅಂತ್ಯಸಂಸ್ಕಾರವನ್ನು ಊರು ಗುಡಿಸೋ ಪೌರಕಾರ್ಮಿಕರೇ ಮಾಡಬೇಕು ಅಂತ ಹೇಳಿದ್ದರು, ಹಾಗೇ ನಡೆಯಿತು. ಇವತ್ತು ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು.

ಈಗ ನಮ್ಮ ಕಡೆಗೆ ಬರೋಣ. ರಂಗರಾಯರಿಗೆ ಸಿಗದ ಕಾನೂನು ನಮಗೆ ಸಿಕ್ಕಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನು ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಅಸ್ಪೃಶ್ಯತೆ ರದ್ದಾದ ಮೇಲೂ ಕರ್ನಾಟಕದ ಒಂದು ಹಳ್ಳಿಯಲ್ಲಿ ಹೊಸದಾಗಿ ಕೊರೆದ ಬೋರ್‌ವೆಲ್‌ನಿಂದ ದಲಿತರು ನೀರು ಹಿಡೀಬಾರದು ಅಂತ ಬಂದೂಕು ತೋರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು, ಅಪ್ಪಾ ಬಾಳು ಇಂಗಳೆ ಪ್ರಕರಣ ಅನ್ನೋ ಹೆಸರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಶಿಕ್ಷೆ ಊರ್ಜಿತವಾಯಿತು. ಒಂದು ಕೊಡ ನೀರಿಗೆ ದೆಹಲಿ ತನಕ ಹೋಗಬೇಕಾಯಿತು ನೋಡಿ.

ನಾವು ಇಲ್ಲಿ ಕನ್ನಡ ಅಲ್ಪಸಂಖ್ಯಾತರು. 350ಎ ವಿಧಿ ತೋರಿಸಿ, ನಮ್ಮ ಮಕ್ಕಳಿಗೆ ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಿ, ಪುಸ್ತಕ ಕೊಡಿ, ಮೇಷ್ಟರು ಕೊಡಿ ಅಂತ ಕೇಳ್ತೀವಿ. ಕೇಳಲೇಬೇಕು, ಅದು ನಮ್ಮ ಹಕ್ಕು. ನಮ್ಮನ್ನು ಬೇರೆಯಾಗಿ ನೋಡಬೇಡಿ ಅಂತ ಸರ್ಕಾರಕ್ಕೆ ಹೇಳೋ ನಾವು, ನಮ್ಮೂರಿನ ದಲಿತ ಕೇರಿಯನ್ನು ಬೇರೆಯಾಗಿ ನೋಡಿದರೆ ಆ ಅರ್ಜಿಗೆ ಏನು ಬೆಲೆ? ಆ ಕೇರಿಯ ಮನೆಗಳಲ್ಲೂ ಆಡೋದು ಕನ್ನಡವೇ. ಕನ್ನಡ ಶಾಲೆ ಮುಚ್ಚಿದರೆ ಕಾಸಿದ್ದವರು ಮಗುವನ್ನು ಪಾವಗಡಕ್ಕೋ ಶಿರಾಕ್ಕೋ ಕಳಿಸ್ತಾರೆ. ರಾಯದುರ್ಗದವರು ಮೊಳಕಾಲ್ಮೂರಿಗೋ ಬಳ್ಳಾರಿಗೋ ಕಳಿಸಬಹುದು. ಕೂಲಿಯವರ ಮಗು ಎಲ್ಲಿಗೆ ಹೋಗಬೇಕು? ಶಾಲೆ ಮುಚ್ಚಿದರೆ ಮೊದಲು ಹೊರಗೆ ಬೀಳೋದು ಆ ಮಗು. ಹೋರಾಟ ಮಾಡುವಾಗ ಅದೇ ಮಗು ಮುಂದಿನ ಸಾಲಿನಲ್ಲಿರಬೇಕು.

ಭಾಷಣ ಸಾಕು, ಕೆಲಸ ಹೇಳ್ತೀವಿ. ನಮ್ಮ ನಮ್ಮ ಊರಿನ ಕನ್ನಡ ಶಾಲೆಗೆ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ ಹೋಗಿ ಬನ್ನಿ. ಮಕ್ಕಳು ಒಂದೇ ಸಾಲಿನಲ್ಲಿ ಕೂರ್ತಾರಾ ನೋಡಿ. ನೀರಿನ ಲೋಟ ಒಂದೇನಾ ನೋಡಿ. ಹೋಟೆಲಿನಲ್ಲಿ ಎರಡು ಥರ ಲೋಟ ಕಂಡರೆ ಚಹಾ ಬಿಟ್ಟು ಎದ್ದು ಬನ್ನಿ, ಯಾಕೆ ಅಂತ ಮಾಲೀಕರಿಗೆ ಹೇಳಿ ಬನ್ನಿ. ಕೇರಿಯಲ್ಲಿ ಶಾಲೆ ಬಿಟ್ಟಿರೋ ಮಗು ಇದ್ದರೆ ರಂಗರಾಯರ ಹಾಗೆ ಕಾರಣ ಕೇಳಿ. ಸ್ಕಾಲರ್‌ಶಿಪ್‌ಗೆ ಬ್ಯಾಂಕ್ ಖಾತೆ ಇಲ್ಲ ಅನ್ನೋದು ಕಾರಣವಾದರೆ ನಮ್ಮನ್ನು ಕರೀರಿ, ಫಾರಂ ತುಂಬಿಕೊಡೋಕೆ ನಾವಿದ್ದೇವೆ. ರಜಾದಿನ ಆದರೂ ಸರಿ, ಮನೆ ಹತ್ತಿರವೇ ಬರ್ತೀವಿ.