ಕ್ಯೋತೋದ ಬೀದಿಯಲ್ಲಿ ಖಾಲಿ ಬಾಟಲಿ
(ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆನ್ನಿಗೊಂದು ಚೀಲ ಏರಿಸಿ, ಅಗ್ಗದ ತಂಗುದಾಣಗಳಲ್ಲಿ ಮಲಗುತ್ತ ಲೋಕ ಸುತ್ತುವ ಪರದೇಶಿ ಯುವಕನೊಬ್ಬ ಜಪಾನಿನ ಕ್ಯೋತೋ ನಗರಕ್ಕೆ ಬಂದಿಳಿದನೆಂದು ಭಾವಿಸಿರಿ. ಅಲ್ಲಿಯ ದೇವಾಲಯಗಳ ವರ್ಣನೆ ಪ್ರವಾಸ ಕಥನಗಳಲ್ಲಿ ಬೇಕಾದಷ್ಟಿದೆ. ಈ ಸಭೆಗೆ ಹೆಚ್ಚು ಪ್ರಸ್ತುತವಾದುದು ಅವನ ಕೈಯಲ್ಲಿ ಉಳಿಯುವ ಖಾಲಿ ಬಾಟಲಿ.

ಬೀದಿಬದಿಯ ಯಂತ್ರಕ್ಕೆ ನಾಣ್ಯ ಹಾಕಿ ತಣ್ಣನೆಯ ಚಹಾ ಪಡೆಯುವುದು ಕ್ಷಣದ ಕೆಲಸ. ಕುಡಿದ ಮೇಲೆ ಬಾಟಲಿಯನ್ನು ಎಸೆಯಲು ಹೊರಟರೆ ಕಸದ ತೊಟ್ಟಿಯೇ ಕಾಣದು. ಆದರೂ ಬೀದಿಯಲ್ಲಿ ಕಸವಿಲ್ಲ. 1995ರ ಮಾರ್ಚಿನಲ್ಲಿ ಓಂ ಶಿನ್ರಿಕ್ಯೋ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಹರಡಿದ ನಂತರ, ಭದ್ರತೆಯ ಕಾರಣದಿಂದ ಅನೇಕ ಕಡೆ ತೊಟ್ಟಿಗಳನ್ನು ತೆಗೆದುಹಾಕಲಾಯಿತು. ತಮ್ಮ ಕಸವನ್ನು ತಾವೇ ಮನೆಗೆ ಒಯ್ಯುವುದು ಅಲ್ಲಿನವರ ರೂಢಿ. ಮನೆಯಿಲ್ಲದ ಪರದೇಶಿ ಅದನ್ನು ಸಂಜೆಯವರೆಗೂ ಚೀಲದಲ್ಲಿ ಹೊತ್ತು ತಿರುಗುತ್ತಾನೆ.

ತಂಗುದಾಣ ಹಳೆಯದೊಂದು ಮರದ ಮನೆ. ಬಾಗಿಲಲ್ಲಿ ಪಾದರಕ್ಷೆ ಕಳಚಬೇಕು; ಇದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಉರಿಸುವ ಕಸಕ್ಕೊಂದು, ಪ್ಲಾಸ್ಟಿಕ್ ಹೊದಿಕೆಗೊಂದು, ಡಬ್ಬಿ-ಬಾಟಲಿಗೊಂದು ಪಾತ್ರೆ. ಬಾಟಲಿಯ ಮುಚ್ಚಳ, ಚೀಟಿಗಳನ್ನು ಬಿಡಿಸಿ, ತೊಳೆದು ಹಾಕಬೇಕು. 2006ರ ಅಕ್ಟೋಬರಿನಿಂದ ಕ್ಯೋತೋದ ಗೃಹಸ್ಥರು ನಗರಾಡಳಿತ ನಿಗದಿಪಡಿಸಿದ ಚೀಲಗಳನ್ನು ಹಣ ಕೊಟ್ಟು ಕೊಂಡು, ಅವುಗಳಲ್ಲಿಯೇ ಕಸ ಇಡಬೇಕಾಗಿದೆ. ಚೀಲ ದೊಡ್ಡದಾದಷ್ಟೂ ಬೆಲೆ ಹೆಚ್ಚು.

ಮೆಚ್ಚತಕ್ಕ ವ್ಯವಸ್ಥೆಯೇ ಸರಿ. ಆದರೆ ಇಷ್ಟು ಶಿಸ್ತಿನಿಂದ ವಿಂಗಡಿಸುವ ನಾಡೇ ಒಂದೊಂದು ಬಿಸ್ಕತ್ತನ್ನೂ ಬೇರೆ ಬೇರೆ ಸುತ್ತಿ ಮಾರುತ್ತದೆ, ನಗರಗಳ ಕಸದ ಬಹುಪಾಲನ್ನು ಸುಡುತ್ತದೆ. ಪ್ಲಾಸ್ಟಿಕ್ ಕೈಚೀಲಕ್ಕೆ ಅಂಗಡಿಗಳು ಹಣ ಪಡೆಯುವುದು ದೇಶದಾದ್ಯಂತ ಕಡ್ಡಾಯವಾದದ್ದು 2020ರ ಜುಲೈನಲ್ಲಿ. ಕಸ ಹುಟ್ಟದಂತೆ ಮಾಡುವ ಭಾರವನ್ನು ತಯಾರಕರ ಮೇಲೆ ಹೊರಿಸದೆ, ಹುಟ್ಟಿದ ಕಸವನ್ನು ವಿಂಗಡಿಸುವ ಭಾರವನ್ನು ಅಡುಗೆಮನೆಗೆ ದಾಟಿಸಿದರೆ ಇಷ್ಟೇ ಆದೀತು.

ನಗರದ ಬಸ್ಸಿನಲ್ಲಿ ಹಿಂಬಾಗಿಲಿನಿಂದ ಹತ್ತಿ, ಮುಂದೆ ಹಣ ಹಾಕಿ ಇಳಿಯಬೇಕು. ಬೆನ್ನಿನ ಚೀಲವನ್ನು ಎದೆಗೆ ಅಪ್ಪಿಕೊಳ್ಳುವ ಮರ್ಯಾದೆಯನ್ನು ಯುವಕ ಬೇಗನೆ ಕಲಿಯುತ್ತಾನೆ. ಆದರೂ ನಿಲ್ದಾಣದಲ್ಲಿ ಕಾದಿದ್ದ ಸ್ಥಳೀಯ ವೃದ್ಧೆಗೆ ಆ ಬಸ್ಸಿನಲ್ಲಿ ಜಾಗವಿರುವುದಿಲ್ಲ. 2023ರಲ್ಲಿ ನಗರವು ದಿನವಿಡೀ ಓಡಾಡಬಹುದಾದ ಅಗ್ಗದ ಬಸ್ ಟಿಕೆಟಿನ ಮಾರಾಟ ನಿಲ್ಲಿಸಿತು; 2024ರಲ್ಲಿ ಗಿಯೋನ್ ಭಾಗದ ನಿವಾಸಿಗಳು ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶ ನಿಷೇಧಿಸಿದರು. ಒಬ್ಬನ ಸೌಜನ್ಯದಿಂದ ನೀಗುವ ತೊಂದರೆ ಇದಲ್ಲ.

ವಸಂತದಲ್ಲಿ ಅವನನ್ನು ಇನ್ನೊಂದು ನೋಟ ಬೆರಗುಗೊಳಿಸುತ್ತದೆ: ಬೀದಿಯ ತುಂಬ ಮುಖಗವಸು ಧರಿಸಿದವರು, ಕಣ್ಣು ಕೆಂಪಾದವರು, ಸೀನುವವರು. ಇದು ಸುಗಿ ಎಂಬ ಸೂಚಿಪರ್ಣಿ ಮರದ ಪರಾಗದ ಕಾಟ. ಜಪಾನಿನ ಮೂರನೇ ಎರಡರಷ್ಟು ನೆಲ ಕಾಡು; ಆ ಕಾಡಿನ ಸುಮಾರು ಶೇ. 40 ಭಾಗ ಮನುಷ್ಯ ನೆಟ್ಟದ್ದು. ಯುದ್ಧಾನಂತರ, ವಿಶೇಷವಾಗಿ 1950 ಮತ್ತು 60ರ ದಶಕಗಳಲ್ಲಿ, ಮನೆ ಕಟ್ಟಲು ಮರ ಬೇಕೆಂದು ಬೆಟ್ಟಬೆಟ್ಟಗಳ ಮೇಲೆ ಸುಗಿ, ಹಿನೋಕಿಗಳನ್ನೇ ಸಾಲುಸಾಲಾಗಿ ನೆಡಲಾಯಿತು. 1964ರಲ್ಲಿ ಮರದ ಆಮದು ಮುಕ್ತವಾಯಿತು. ಅಗ್ಗದ ಪರದೇಶಿ ಮರ ಬಂದು, ಬೆಟ್ಟದ ಮರ ಕಡಿಯುವುದೇ ನಷ್ಟವೆನಿಸಿತು. ಬೆಟ್ಟದ ಹಳ್ಳಿಗಳ ಯುವಕರು ನಗರ ಸೇರಿದರು; ನೆಡುತೋಪನ್ನು ತೆಳುಗೊಳಿಸುವ ಕೈಗಳಿಲ್ಲವಾದವು. ಬಿಸಿಲು ಕಾಣದ ನೆಲದಲ್ಲಿ ಹುಲ್ಲು, ಗಿಡಗಳು ಅಳಿದವು. ಬಲಿತ ಮರಗಳು ಮಾತ್ರ ವರ್ಷವರ್ಷವೂ ಪರಾಗ ಸುರಿಸುತ್ತಿವೆ. ಸುಗಿ ತೋಪುಗಳನ್ನು ಹತ್ತು ವರ್ಷಗಳಲ್ಲಿ ಸುಮಾರು ಶೇ. 20ರಷ್ಟು ಕಡಿಮೆ ಮಾಡುವ ಗುರಿಯನ್ನು ಅಲ್ಲಿಯ ಸರ್ಕಾರ ಘೋಷಿಸಿದ್ದು 2023ರಲ್ಲಿ. ಒಂದೇ ಜಾತಿಯ ಅಕೇಶಿಯಾ ನೆಟ್ಟು ಅದನ್ನೇ ಅರಣ್ಯವೆಂದು ಎಣಿಸುವುದನ್ನು ಕಂಡ ಸಭಾಸದರಿಗೆ ಈ ಕಥೆ ಅಪರಿಚಿತವಲ್ಲ.

ಕ್ಯೋತೋದ ಉತ್ತರಕ್ಕಿರುವ ಕಿತಾಯಾಮ ಬೆಟ್ಟಗಳ ಸುಗಿ ಮರ ನೇರವಾದ, ನುಣುಪಾದ ಕಂಬಗಳಿಗೆ ಶತಮಾನಗಳಿಂದ ಪ್ರಸಿದ್ಧ. ಚಹಾಗೃಹಗಳಿಗೆ ಅದೇ ಬೇಕಾಗಿತ್ತು. ಈಗ ಅಂಥ ಕಂಬಗಳನ್ನು ಕೇಳುವವರು ಕಡಿಮೆ. ಅದೇ ನಗರದ ಅಗ್ಗದ ನೂಡಲ್ಸ್ ಅಂಗಡಿಯಲ್ಲಿ ಯುವಕನ ಮುಂದೆ ಒಮ್ಮೆ ಬಳಸಿ ಎಸೆಯುವ ಮರದ ಕಡ್ಡಿಗಳ ಜೋಡಿಯನ್ನು ಇಡುತ್ತಾರೆ. ಜಪಾನಿನಲ್ಲಿ ಬಳಕೆಯಾಗುವ ಅಂಥ ಕಡ್ಡಿಗಳಲ್ಲಿ ಬಹುತೇಕ ಎಲ್ಲವೂ ಹಡಗೇರಿ ಬರುವುದು ಚೀನಾದಿಂದ.