ಕೊಯ್ದ ಮೆಣಸಿನಕಾಯಿಯ ಕೊಳೆತವೂ ಅದನ್ನು ತಡೆಯುವ ಸೂಕ್ಷ್ಮಜೀವಿಗಳೂ



ಹಾವೇರಿ, ಧಾರವಾಡದ ಸೀಮೆಯಲ್ಲಿ ಕಾಯಿ ಕೆಂಪೇರುವ ಕಾಲಕ್ಕೆ ಹಿಂಗಾರಿನ ಮಳೆ ಹಿಡಿದುಕೊಂಡರೆ ಏನಾಗುವುದೆಂಬುದನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಹಣ್ಣುಗಾಯಿಯ ಮೇಲೆ ಗುಳಿಬಿದ್ದ ಮಚ್ಚೆಗಳು ಏಳುತ್ತವೆ. ಮಚ್ಚೆಯೊಳಗೆ ಉಂಗುರ ಉಂಗುರವಾಗಿ ಕಪ್ಪು ಚುಕ್ಕಿಗಳು ಕಾಣುತ್ತವೆ. ಕಡೆಗೆ ಕಾಯಿಯು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಒಳಗಿನ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಬಣ್ಣಕ್ಕಾಗಿಯೇ ಹೆಸರು ಪಡೆದ ಬ್ಯಾಡಗಿ ಕಾಯಿಗೆ ಬಣ್ಣವೇ ಹೋದ ಮೇಲೆ ಪೇಟೆಯಲ್ಲಿ ಬೆಲೆ ಎಲ್ಲಿಯದು?

ಈ ರೋಗವು ಕಣದಲ್ಲಿ ಕಾಣಿಸಿಕೊಳ್ಳುವುದಾದರೂ ಬಹುಮಟ್ಟಿಗೆ ಕಣದಲ್ಲಿ ಹುಟ್ಟಿದ್ದಲ್ಲ. ಇದಕ್ಕೆ ಕಾರಣವಾದ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರವನ್ನು ಆಗಿನ ಮದರಾಸು ಪ್ರಾಂತದ ಕೊಯಮತ್ತೂರಿನ ಕಾಯಿಗಳಿಂದ 1913ರಲ್ಲಿ ಸಿಡೋ ಎಂಬ ವಿದ್ವಾಂಸರು ಬೇರೊಂದು ಹೆಸರಿನಿಂದ ವರ್ಣಿಸಿದರು. ಅದು ಬೀಜದಲ್ಲಿ ಅಡಗಿರುತ್ತದೆ, ಹೊಲದಲ್ಲಿ ಬಿಟ್ಟ ಕಸಕಡ್ಡಿಯಲ್ಲಿ ಉಳಿದಿರುತ್ತದೆ, ಮಳೆಹನಿಯ ಸಿಡಿತದಿಂದ ಗಿಡಕ್ಕೆ ಏರುತ್ತದೆ. ಹಸುರುಗಾಯಿಯೊಳಗೆ ಹೊಕ್ಕು ಸದ್ದಿಲ್ಲದೆ ಮಲಗಿದ್ದು, ಕಾಯಿ ಹಣ್ಣಾದಾಗ ಏಳುವುದೂ ಉಂಟು. ಆದಕಾರಣ ಕೊಯ್ಯುವಾಗ ನಿರ್ಮಲವಾಗಿ ತೋರಿದ ಕಾಯಿಯೇ ನಾಲ್ಕು ದಿನಗಳಲ್ಲಿ ಕೊಳೆತರೆ ಆಶ್ಚರ್ಯಪಡತಕ್ಕದ್ದಿಲ್ಲ.

ಇಂಥ ಶತ್ರುವಿಗೂ ಪ್ರಕೃತಿಯಲ್ಲಿ ಶತ್ರುಗಳಿವೆ. ಟ್ರೈಕೋಡರ್ಮ ಎಂಬ ಹಸುರು ಬೂಷ್ಟು ನಮ್ಮ ಹೊಲಗಳ ಮಣ್ಣಿನಲ್ಲಿಯೇ ವಾಸಿಸುತ್ತದೆ. ಅದು ಇತರ ಶಿಲೀಂಧ್ರಗಳ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು, ಅವುಗಳ ಗೋಡೆಯನ್ನು ಕರಗಿಸಿ, ಒಳಗಿನ ಸಾರವನ್ನು ಉಣ್ಣುತ್ತದೆ. ಮಣ್ಣಿನ ಬೇರೆ ಶಿಲೀಂಧ್ರಗಳನ್ನು ಅದು ಹೀಗೆ ಭಕ್ಷಿಸುವುದನ್ನು ವೈಂಡ್ಲಿಂಗ್ ಎಂಬವರು 1932ರಲ್ಲಿ ಪ್ರಕಟಿಸಿದರು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯದ ಉಪಾಯವು ಬೇರೆ: ಸುತ್ತಲಿನ ಕಬ್ಬಿಣದ ಅಂಶವನ್ನು ತಾನೇ ಸೆಳೆದುಕೊಂಡು ರೋಗಾಣುವನ್ನು ಉಪವಾಸ ಕೆಡವುತ್ತದೆ, ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಎಚ್ಚರಿಸುತ್ತದೆ. ಹಣ್ಣು ತರಕಾರಿಗಳ ಸಿಪ್ಪೆಯ ಮೇಲಿರುವ ಕೆಲವು ಯೀಸ್ಟುಗಳು ಗಾಯದ ಜಾಗವನ್ನು ಮೊದಲೇ ಆಕ್ರಮಿಸಿ ಅಲ್ಲಿಯ ಸಕ್ಕರೆಯನ್ನು ತಿಂದು ಮುಗಿಸುತ್ತವೆ. ತಡವಾಗಿ ಬಂದ ಬೂಷ್ಟಿಗೆ ಆಹಾರವಿರುವುದಿಲ್ಲ. ಥಾಯ್‌ಲೆಂಡಿನ ಸಂಶೋಧಕರು ಇಂಥದೊಂದು ಯೀಸ್ಟು ಕೊಯ್ದ ಮೆಣಸಿನಕಾಯಿಯ ಇದೇ ಕೊಳೆತವನ್ನು ತಗ್ಗಿಸಿದುದನ್ನು 2007ರಲ್ಲಿ ವರದಿ ಮಾಡಿದ್ದಾರೆ.

ಉಪಯೋಗಿಸುವ ಕ್ರಮ ಕಷ್ಟದ್ದಲ್ಲ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮವನ್ನಾಗಲಿ 10 ಗ್ರಾಂ ಸೂಡೊಮೊನಾಸ್ ಪುಡಿಯನ್ನಾಗಲಿ ಲೇಪಿಸಿ ಬಿತ್ತತಕ್ಕದ್ದು. ಟ್ರೈಕೋಡರ್ಮವನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಿಟ್ಟು ಬೆಳೆಸಿ, ಹೊಲಕ್ಕೆ ಹಾಕಬಹುದು. ಇವು ಜೀವವುಳ್ಳ ವಸ್ತುಗಳೆಂಬುದನ್ನು ಮರೆಯಬಾರದು. ಬಿಸಿಲಿನಲ್ಲಿ ಬಿದ್ದಿದ್ದ ಪೊಟ್ಟಣ, ಅವಧಿ ಮೀರಿದ ಪೊಟ್ಟಣ, ಎರಡೂ ಬರಿಯ ಸುಣ್ಣದ ಪುಡಿಗೆ ಸಮಾನ. ಟ್ರೈಕೋಡರ್ಮವೂ ಶಿಲೀಂಧ್ರವೇ ಆದುದರಿಂದ ಶಿಲೀಂಧ್ರನಾಶಕದೊಡನೆ ಒಂದೇ ಡಬ್ಬಿಯಲ್ಲಿ ಕಲಸಿದರೆ ಸತ್ತುಹೋಗುವುದು.

ಈಗ ಮುಖ್ಯವಾದ ಮಾತು. ಒಣಗಿದ ಕಾಯಿಯ ರಾಶಿಯ ಮೇಲೆ ಈ ಪುಡಿಯನ್ನು ಚೆಲ್ಲಿ ಚೀಲ ಹೊಲಿದರೆ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಿತ್ರಜೀವಿಗೆ ಬದುಕಲು ತೇವ ಬೇಕು. ಅದು ಬದುಕುವಷ್ಟು ತೇವವಿದ್ದಲ್ಲಿ ಕೊಳೆಯುವ ಬೂಷ್ಟೂ ಬದುಕೀತು. ಹೊಲದಲ್ಲಿ ಮತ್ತು ಹಸಿಗಾಯಿಯ ಮೇಲೆ ಇವುಗಳ ಅಧಿಕಾರ; ಒಣಗಾಯಿಯ ಮೇಲೆ ಒಣಗುವಿಕೆಯದೇ ಅಧಿಕಾರ. ಕಾಯಿಯಲ್ಲಿ ನೂರಕ್ಕೆ 10 ಭಾಗದಷ್ಟು ಮಾತ್ರ ತೇವ ಉಳಿಯುವ ತನಕ, ನೆಲಕ್ಕೆ ತಾಗದಂತೆ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ, ಸಂಜೆ ಮುಚ್ಚಿ, ಇಬ್ಬನಿಯಿಂದ ಕಾಪಾಡತಕ್ಕದ್ದು.

ಹೀಗಿರುವಲ್ಲಿ ಚೀಲಕ್ಕೆ ತುಂಬುವ ಮುನ್ನ ಕಾಯಿ ಮುರಿಯದಿರಲೆಂದೂ, ತೂಕ ಬರಲೆಂದೂ ನೀರು ಚಿಮುಕಿಸುವ ರೂಢಿಗೆ ಏನೆನ್ನಬೇಕು? ವಾರಗಟ್ಟಲೆ ಬಿಸಿಲು ಮಾಡಿದ ಕೆಲಸವನ್ನು ಒಂದು ಕೊಡ ನೀರು ಅಳಿಸುತ್ತದೆ. ಆ ತೇವದಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಅದು ಯಕೃತ್ತಿಗೆ ಹಾನಿಕರ; ಕಾಯಿಯನ್ನು ಕುಟ್ಟಿದರೂ ಸಾರಿನಲ್ಲಿ ಕುದಿಸಿದರೂ ಹೋಗತಕ್ಕದ್ದಲ್ಲ. ಯೂರೋಪಿನ ಒಕ್ಕೂಟವು ಒಣಮೆಣಸಿನಕಾಯಿಯ ಒಂದು ಕಿಲೋಗ್ರಾಮಿನಲ್ಲಿ ಈ ವಿಷಗಳು ಒಟ್ಟು 10 ಮೈಕ್ರೋಗ್ರಾಮನ್ನು ಮೀರಕೂಡದೆಂದು ವಿಧಿಸಿದೆ. ಮೀರಿದ ಸರಕು ಬಂದರಿನಿಂದಲೇ ಹಿಂದಿರುಗಬಹುದು. ಹೊರದೇಶದವರ ಮಾತು ಹಾಗಿರಲಿ, ಬೆಳ್ಳಗಾದ ಕಾಯಿಯನ್ನು ಅಗ್ಗಕ್ಕೆ ಕೊಂಡು ಪುಡಿಮಾಡಿದರೆ ಅದನ್ನು ಉಣ್ಣುವವರು ನಮ್ಮವರೇ.

ಕಾಯಿ ಆಯುವ ತಾಯಂದಿರಲ್ಲಿ ಒಂದು ವಿಜ್ಞಾಪನೆ. ಮಚ್ಚೆಯ ಕಾಯಿಯನ್ನು ಒಣಗಿದ ಮೇಲಲ್ಲ, ಹರಡುವ ಮೊದಲೇ ಬೇರೆ ಮಾಡಿ, ಹೊಲದ ಅಂಚಿಗೆ ಎಸೆಯದೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಕಣದ ಅಡಿಯಲ್ಲಿ ಉದುರಿದ ಬೀಜವನ್ನು ಗುಡಿಸಿ ಬಿತ್ತನೆಗೆ ಇಡುವ ಪದ್ಧತಿಯನ್ನು ಈ ವರ್ಷದಿಂದಲೇ ಬಿಡಿ. ಅದರಲ್ಲಿ ಕೊಳೆತ ಕಾಯಿಯ ಬೀಜವೂ ಸೇರಿರುತ್ತದೆ. ಬೀಜಕ್ಕೆಂದು ರೋಗವಿಲ್ಲದ ಗಿಡಗಳಿಗೆ ಹೊಲದಲ್ಲಿಯೇ ದಾರ ಕಟ್ಟಿ ಗುರುತಿಟ್ಟು, ಆ ಕಾಯಿಗಳನ್ನು ಬೇರೆಯಾಗಿಯೇ ಒಣಗಿಸತಕ್ಕದ್ದು.